ಕೋಡಿಗೆ ಲಿಮಿಟ್ ಸ್ವಿಚ್ ಹಾಕಿದವರು

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ಕಾಲೇಜಿನ ಎಲ್ಲ ಗ್ರೂಪ್‌ಗಳಲ್ಲೂ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋ ಓಡಾಡುತ್ತೆ. ಮೈಸೂರು ಪೇಟ, ಕೋಟು, ಟೈ. ಜೊತೆಗೆ ಎರಡು ಕಥೆ. ಒಂದು, ರೈಲಿನ ಸದ್ದು ಕೇಳಿಯೇ ಮುಂದೆ ಹಳಿ ಕೆಟ್ಟಿರೋದನ್ನ ಕಂಡುಹಿಡಿದದ್ದು. ಇನ್ನೊಂದು, ಸರ್ಕಾರದ ಮೇಣದಬತ್ತಿ ಆರಿಸಿ ಸ್ವಂತದ್ದನ್ನ ಹಚ್ಚಿಕೊಂಡದ್ದು. ಮೂರನೇ ಕ್ಲಾಸಿಂದ ಇವನ್ನೇ ಕೇಳ್ಕೊಂಡು ಬಂದಿದ್ದೀವಿ. ಆದ್ರೆ ಅವರು ಎಂಜಿನಿಯರ್ ಆಗಿ ಏನು ಕಂಡುಹಿಡಿದರು ಅಂತ ಯಾರಾದ್ರೂ ಕೇಳಿದ್ರೆ ಕೆ.ಆರ್.ಎಸ್. ಅಂತ ಒಂದು ಪದ ಹೇಳಿ ಸುಮ್ಮನಾಗ್ತೀವಿ. ನಮ್ಮಲ್ಲಿ ಬಹಳ ಜನರ ಮಾರ್ಕ್ಸ್ ಕಾರ್ಡ್ ಮೇಲೆ ಇರೋ ವಿಶ್ವವಿದ್ಯಾಲಯದ ಹೆಸರೇ ಅವರದು. ಅಷ್ಟು ಹತ್ತಿರದವರ ಬಗ್ಗೆ ಇಷ್ಟು ಕಡಿಮೆ ಗೊತ್ತಿರೋದು ಸರಿ ಅನ್ನಿಸಲಿಲ್ಲ.

ಆದ್ದರಿಂದ ಈ ಸಲ ರೈಲೂ ಇಲ್ಲ, ಮೇಣದಬತ್ತಿಯೂ ಇಲ್ಲ. ಅವರು ಪುಣೆ ಹತ್ತಿರ ಒಂದು ಕೆರೆಗೆ ಹಾಕಿದ ಗೇಟುಗಳ ಕಥೆ ಇಟ್ಟುಕೊಂಡು ಅವರ ಜೀವನವನ್ನ ಹೇಳ್ತೀವಿ. ಇದಕ್ಕೆ ಕಾರಣವೂ ಇದೆ. ನಮ್ಮ ಬ್ಯಾಚಿನಲ್ಲಿ ಈಗ ಸುಮಾರು ಜನ ಚಿಕ್ಕ ಸಿಎನ್‌ಸಿ ಮೆಷಿನ್ ಕಟ್ಟೋದ್ರಲ್ಲಿ ಇದ್ದಾರೆ. ಎಸ್.ಪಿ. ರೋಡಿಂದ ಸ್ಟೆಪ್ಪರ್ ಮೋಟಾರು, ಡ್ರೈವರು, ಅಲ್ಯೂಮಿನಿಯಂ ಪ್ರೊಫೈಲು ಎಲ್ಲ ತಂದು ಜೋಡಿಸಿ, ಮರದ ಹಲಗೆ ಮೇಲೆ ಹೆಸರು ಕೆತ್ತಿ ಫೋಟೋ ಹಾಕ್ತಾರೆ. ಲಿಮಿಟ್ ಸ್ವಿಚ್ಚು, ಎಮರ್ಜೆನ್ಸಿ ಸ್ಟಾಪು ಮಾತ್ರ ಯಾವಾಗಲೂ ಆಮೇಲೆ ಹಾಕಿದ್ರಾಯ್ತು ಅನ್ನೋ ಪಟ್ಟಿಯಲ್ಲೇ ಉಳಿಯುತ್ತೆ. ವಿಶ್ವೇಶ್ವರಯ್ಯನವರ ಗೇಟು ನಮ್ಮ ಕಣ್ಣಿಗೆ ಒಂದು ದೊಡ್ಡ ಲಿಮಿಟ್ ಸ್ವಿಚ್. ಕರೆಂಟ್ ಇಲ್ಲದ, ನೀರೇ ನಡೆಸೋ ಸ್ವಿಚ್.

ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆ. ಹುಟ್ಟಿದ ವರ್ಷ 1860 ಅಂತ ಕೆಲವರು, 1861 ಅಂತ ಕೆಲವರು ಬರೀತಾರೆ. ತಂದೆ ಮೋಕ್ಷಗುಂಡಂ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಮೋಕ್ಷಗುಂಡಂ ಅನ್ನೋದು ಆಂಧ್ರದ ಕಡೆಯ ಊರು, ಅವರ ಪೂರ್ವಿಕರು ಅಲ್ಲಿಂದ ಬಂದವರು. ಹುಡುಗ ಇನ್ನೂ ಓದ್ತಿರುವಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ ಮುಗಿಸಿ ಬೆಂಗಳೂರಿಗೆ ಬಂದು, ಒಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಆ ದುಡ್ಡಿನಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮಾಡಿದರು. ಬನಶಂಕರಿಯಿಂದ ಹಸಿರು ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ ಬೈಯಪ್ಪನಹಳ್ಳಿ ಕಡೆ ಹೊರಟರೆ ಮೊದಲು ಸಿಗೋ ಸ್ಟೇಷನ್ನಿಗೆ ಅವರ ಹೆಸರೂ ಸೆಂಟ್ರಲ್ ಕಾಲೇಜಿನ ಹೆಸರೂ ಒಟ್ಟಿಗೇ ಇದೆ. ಪ್ಲಾಟ್‌ಫಾರ್ಮಿನ ಮೈಕಲ್ಲಿ ದಿನಾ ಕೇಳ್ತೀವಿ, ಯಾಕೆ ಅಂತ ಯೋಚಿಸಿರಲ್ಲ.

ಅಲ್ಲಿಂದ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಪಡೆದು ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಹೋದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್. 1884ರಲ್ಲಿ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್. ಇಪ್ಪತ್ತಮೂರರ ಆಸುಪಾಸಿನ ವಯಸ್ಸು, ಅಂದ್ರೆ ನಮ್ಮ ಸೀನಿಯರ್‌ಗಳು ಪ್ಲೇಸ್‌ಮೆಂಟ್ ಮುಗಿಸಿ ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆದ ವಯಸ್ಸು. ಮೊದಲ ವರ್ಷಗಳು ಖಾನ್‌ದೇಶದ ಕಡೆ ಕಳೆದವು. ಹೊಳೆಗೆ ಅಡ್ಡವಾಗಿ ಸೈಫನ್ ಹಾಕಿ ಕಾಲುವೆ ನೀರು ದಾಟಿಸೋ ಕೆಲಸ. ಆಮೇಲೆ ಸಿಂಧ್ ಪ್ರಾಂತ್ಯದ ಸಕ್ಕರ್ ಊರಿಗೆ ಕುಡಿಯೋ ನೀರು. ಸಿಂಧೂ ನದಿ ಅಂದ್ರೆ ಕೆಸರು. ದೊಡ್ಡ ಫಿಲ್ಟರ್ ಬೆಡ್ ಕಟ್ಟೋಕೆ ದುಡ್ಡಿರಲಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿ, ನದಿಯ ಮರಳನ್ನೇ ಫಿಲ್ಟರ್ ಮಾಡಿಕೊಂಡರು. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ತೊಂದರೆ ಕೊಡ್ತಿರೋ ವಸ್ತುವಿನ ಕೈಲೇ ಕೆಲಸ ಮಾಡಿಸೋ ಬುದ್ಧಿ ಅವರಿಗೆ ಆಗಲೇ ಇತ್ತು.

ಈಗ ಗೇಟಿನ ವಿಷಯ.

ಪುಣೆಗೆ ನೀರು ಕೊಡ್ತಿದ್ದದ್ದು ಮುಠಾ ನದಿಗೆ ಕಟ್ಟಿದ ಖಡಕ್‌ವಾಸ್ಲಾ ಅಣೆಕಟ್ಟು. ಹಿಂದಿದ್ದ ಕೆರೆಗೆ ಆಗಿನ ಹೆಸರು ಲೇಕ್ ಫೈಫ್. 1879ರ ಹೊತ್ತಿಗೆ ಮುಗಿದ ಕಲ್ಲಿನ ಕಟ್ಟೆ. ನಮ್ಮ ಕೆರೆಗಳಿಗೆ ಇರೋ ಹಾಗೆ ಅದಕ್ಕೂ ಒಂದು ಕೋಡಿ ಇತ್ತು. ಕೋಡಿ ಅಂದ್ರೆ ಗೊತ್ತಲ್ಲ, ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಗೆ ಹಾನಿ ಮಾಡದೆ ಹೊರಗೆ ಹರಿಯೋಕೆ ಬಿಟ್ಟ ಜಾಗ. ಜೆ.ಪಿ. ನಗರದ ಸಾರಕ್ಕಿ ಕೆರೆಗೂ, ಬಿಟಿಎಂ ಪಕ್ಕದ ಮಡಿವಾಳ ಕೆರೆಗೂ ನೀರು ಹೊರಗೆ ಹೋಗೋಕೆ ಒಂದು ದಾರಿ ಬೇಕೇ ಬೇಕು. ಆ ದಾರಿ ಮುಚ್ಚಿ ಲೇಔಟ್ ಮಾಡಿದ ಕಡೆಯೆಲ್ಲ ಮಳೆಗಾಲದಲ್ಲಿ ಏನಾಗುತ್ತೆ ಅಂತ ಬಿಟಿಎಂನಲ್ಲಿ ಪಿಜಿಯಲ್ಲಿರೋರನ್ನ ಕೇಳಿ.

ಕೋಡಿಯಲ್ಲಿ ಒಂದು ಕಷ್ಟ ಇದೆ. ಕೋಡಿಯ ಮಟ್ಟ ಕೆಳಗಿದ್ದರೆ ಕಟ್ಟೆಗೆ ಭದ್ರ, ಆದ್ರೆ ಮಳೆಗಾಲದ ನೀರೆಲ್ಲ ಸುಮ್ಮನೆ ಹರಿದು ಹೋಗುತ್ತೆ, ಬೇಸಿಗೆಗೆ ಉಳಿಯಲ್ಲ. ಕೋಡಿಯನ್ನ ಎತ್ತರಿಸಿದರೆ ನೀರು ಉಳಿಯುತ್ತೆ, ಆದ್ರೆ ದೊಡ್ಡ ಪ್ರವಾಹ ಬಂದ ರಾತ್ರಿ ಹೊರಗೆ ಹೋಗೋಕೆ ಜಾಗ ಇರಲ್ಲ, ಕಟ್ಟೆಯೇ ಹೋಗಬಹುದು. ಕೋಡಿ ಮೇಲೆ ಗೇಟು ಇಟ್ಟು, ಬೇಕಾದಾಗ ಎತ್ತೋಕೆ ಮನುಷ್ಯರನ್ನ ಇಡಬಹುದು. ಹಳ್ಳಿ ಕೆರೆಗೆ ನೀರುಗಂಟಿ ಇರೋ ಹಾಗೆ. ಆದ್ರೆ ಪ್ರವಾಹ ಬರೋದು ಮಧ್ಯರಾತ್ರಿ, ಜಡಿಮಳೆಯಲ್ಲಿ. ಆ ಹೊತ್ತಿಗೆ ಮನುಷ್ಯ ಎದ್ದಿರಬೇಕು, ಗೇಟಿನ ತನಕ ಹೋಗೋಕೆ ದಾರಿ ಇರಬೇಕು, ಸಾಲಾಗಿರೋ ಗೇಟುಗಳನ್ನೆಲ್ಲ ಒಂದೊಂದಾಗಿ ಎತ್ತೋಕೆ ಸಮಯ ಇರಬೇಕು. ಇದರಲ್ಲಿ ಯಾವುದೊಂದು ತಪ್ಪಿದರೂ ಕೆಳಗಡೆ ಪುಣೆ ನಗರ ಇದೆ.

ವಿಶ್ವೇಶ್ವರಯ್ಯನವರು ಮಾಡಿದ್ದು ಏನಂದ್ರೆ, ಗೇಟು ಎತ್ತೋ ಕೆಲಸವನ್ನ ಪ್ರವಾಹಕ್ಕೇ ಒಪ್ಪಿಸಿದರು. ಕೋಡಿಯ ಮೇಲೆ ಗೇಟುಗಳ ಸಾಲು. ಕೆಲವು ಗೇಟುಗಳಿಗೆ ಸೇರಿ ಒಂದು ಕೌಂಟರ್‌ವೇಟ್, ಅಂದ್ರೆ ಎದುರು ತೂಕ. ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ. ಈ ತೂಕ ತೂಗಾಡ್ತಿರೋದು ಕಲ್ಲಿನ ಒಂದು ತೊಟ್ಟಿಯೊಳಗೆ. ಕೆರೆಯ ಮಟ್ಟ ಗುರುತಿನ ಕೆಳಗಿರುವವರೆಗೂ ತೊಟ್ಟಿ ಖಾಲಿ, ತೂಕ ಪೂರ್ತಿ ಭಾರವಾಗಿದ್ದು ಗೇಟನ್ನ ಮುಚ್ಚಿ ಹಿಡಿದಿರುತ್ತೆ. ಮಟ್ಟ ಗುರುತು ದಾಟಿದ ಕೂಡಲೇ ಕೆರೆಯ ನೀರು ತೊಟ್ಟಿಗೆ ನುಗ್ಗುತ್ತೆ. ನೀರಲ್ಲಿ ಮುಳುಗಿದ ವಸ್ತು ಹಗುರಾಗುತ್ತೆ ಅಂತ ಹೈಸ್ಕೂಲಲ್ಲಿ ಓದಿದ ಆರ್ಕಿಮಿಡೀಸ್ ತತ್ವ, ಅಷ್ಟೇ. ತೂಕ ಹಗುರಾಯ್ತು, ತಕ್ಕಡಿ ವಾಲಿತು, ಗೇಟುಗಳು ತೆರೆದುಕೊಂಡವು. ಮಟ್ಟ ಇಳಿದ ಮೇಲೆ ತೊಟ್ಟಿಯ ನೀರು ಹೊರಗೆ ಹೋಗಿ ತೂಕ ಮತ್ತೆ ಭಾರವಾಗಿ ಗೇಟು ತಾನೇ ಮುಚ್ಚಿಕೊಳ್ಳುತ್ತೆ. ಯಾರೂ ಎದ್ದಿರಬೇಕಾಗಿಲ್ಲ.

1900ರ ನಂತರದ ಮೊದಲ ವರ್ಷಗಳಲ್ಲಿ ಈ ಗೇಟುಗಳು ಖಡಕ್‌ವಾಸ್ಲಾದಲ್ಲಿ ಕೂತವು. ಕಟ್ಟೆಯನ್ನ ಒಂದು ಕಲ್ಲೂ ಎತ್ತರಿಸದೆ ಹಳೆಯ ಕೋಡಿಯ ಮಟ್ಟಕ್ಕಿಂತ ಸುಮಾರು 8 ಅಡಿ ಹೆಚ್ಚಿಗೆ ನೀರು ನಿಲ್ಲಿಸೋಕೆ ಆಯ್ತು. ಅವರು ಇದಕ್ಕೆ ಪೇಟೆಂಟ್ ತಗೊಂಡರು. ರಾಯಲ್ಟಿ ಮಾತ್ರ ಬೇಡ ಅಂದರು, ಸರ್ಕಾರದ ಸಂಬಳದಲ್ಲಿ ಇರುವಾಗ ಸರ್ಕಾರದ ಕೆಲಸಕ್ಕೆ ಮಾಡಿದ್ದು ಅನ್ನೋ ಕಾರಣಕ್ಕೆ. ನಮಗೆ ಮೇಣದಬತ್ತಿ ಕಥೆಗಿಂತ ಇದು ಇಷ್ಟ ಆಯ್ತು.

ನಿಮಗೆ ಇದು ತೀರಾ ದೂರದ ವಿಷಯ ಅನ್ನಿಸಿದ್ರೆ ಮನೆ ಸಂಪಿನ ಮುಚ್ಚಳ ತೆಗೆದು ನೋಡಿ. ಜಯನಗರದಲ್ಲಿ ಯಾವ ಮನೆಗೆ ಹೋದರೂ ನೆಲದಡಿ ಸಂಪು, ತಾರಸಿ ಮೇಲೆ ಟ್ಯಾಂಕು. ಕಾವೇರಿ ನೀರು ಬರೋದು ಬೋರ್ಡಿನವರು ಬಿಟ್ಟಾಗ, ಅದೂ ಕೆಲವು ರಸ್ತೆಗಳಿಗೆ ಅಪರಾತ್ರಿ. ಸಂಪು ತುಂಬಿದ ಮೇಲೆ ನಲ್ಲಿ ನಿಲ್ಲಿಸೋಕೆ ಯಾರೂ ಎದ್ದಿರಲ್ಲ, ಅದಕ್ಕೇ ಬಾಲ್ ವಾಲ್ವ್. ನೀರು ಏರಿದ ಹಾಗೆ ಚೆಂಡು ಏರುತ್ತೆ, ಒಂದು ಮಟ್ಟಕ್ಕೆ ಬಂದಾಗ ವಾಲ್ವ್ ಮುಚ್ಚುತ್ತೆ. ನೀರನ್ನ ನೀರೇ ನಿಲ್ಲಿಸ್ತು. ತಾರಸಿ ಟ್ಯಾಂಕಿಗೆ ಇಂಥದ್ದು ಏನೂ ಇಲ್ಲದ ಮನೆಗಳಲ್ಲಿ ಮೋಟಾರ್ ಹಾಕಿ ಮರೆತು, ಟ್ಯಾಂಕು ತುಂಬಿ ಸುರಿದು, ಪಕ್ಕದ ಮನೆ ಆಂಟಿ ಬಂದು ಗೇಟು ಬಡಿಯೋವರೆಗೂ ಯಾರಿಗೂ ಗೊತ್ತಾಗಲ್ಲ. ಆ ಆಂಟಿಯೇ ಆ ಮನೆಯ ಎಮರ್ಜೆನ್ಸಿ ಸ್ಟಾಪ್.

ಸಿಎನ್‌ಸಿಗೆ ಬರೋಣ. ನಾವು ಕಟ್ಟೋ ಚಿಕ್ಕ ಮೆಷಿನ್ನಲ್ಲಿ ಸ್ಟೆಪ್ಪರ್ ಮೋಟಾರಿಗೆ ಎಷ್ಟು ಹೆಜ್ಜೆ ಹಾಕು ಅಂತ ಕಂಟ್ರೋಲರ್ ಹೇಳುತ್ತೆ, ಅದು ಹಾಕ್ತೋ ಇಲ್ವೋ ಅಂತ ತಿರುಗಿ ಕೇಳಲ್ಲ. ಟೂಲ್ ಮರಕ್ಕೆ ಸಿಕ್ಕಿಹಾಕಿಕೊಂಡು ಹತ್ತು ಹೆಜ್ಜೆ ತಪ್ಪಿದರೂ ಕಂಟ್ರೋಲರ್ ತನ್ನ ಲೆಕ್ಕದಲ್ಲೇ ಮುಂದೆ ಹೋಗ್ತಾ ಇರುತ್ತೆ. ಹೀಗೆ ಲೆಕ್ಕ ತಪ್ಪಿದ ಗ್ಯಾಂಟ್ರಿ ಕೊನೆಯ ಪ್ಲೇಟಿಗೆ ಹೋಗಿ ಗುದ್ದಬಾರದು ಅಂತ ಪ್ರತಿ ಅಕ್ಷದ ತುದಿಯಲ್ಲಿ ಒಂದು ಲಿಮಿಟ್ ಸ್ವಿಚ್. ಮೆಷಿನ್ನಿನ ಚಲನೆಯೇ ಸ್ವಿಚ್ ಒತ್ತುತ್ತೆ, ಅದೇ ಚಲನೆ ನಿಲ್ಲುತ್ತೆ. ಜಿಆರ್‌ಬಿಎಲ್ ಹಾಕಿರೋರು $21=1 ಮಾಡಿದರೆ ಹಾರ್ಡ್ ಲಿಮಿಟ್ ಆನ್ ಆಗುತ್ತೆ. ಸ್ವಿಚ್ ತಗುಲಿದ ಕ್ಷಣ ಅಲಾರ್ಮ್, ಎಲ್ಲ ನಿಲ್ಲುತ್ತೆ. ಹಾಗೆ ಥಟ್ಟನೆ ನಿಂತಾಗ ಇರೋ ಜಾಗದ ಲೆಕ್ಕ ನಂಬೋಕಾಗಲ್ಲ, ರೀಸೆಟ್ ಮಾಡಿ ಮತ್ತೆ ಹೋಮಿಂಗ್ ಮಾಡಬೇಕು. ಸ್ವಿಚ್ಚನ್ನ ಕೊನೆಯ ಪ್ಲೇಟಿಗೆ ಅಂಟಿಸಿ ಇಡಬೇಡಿ. ಸ್ವಿಚ್ ತಗುಲಿದ ಮೇಲೂ ಗ್ಯಾಂಟ್ರಿ ಸ್ವಲ್ಪ ಮುಂದೆ ಜಾರುತ್ತೆ, ಅದಕ್ಕೆ ಜಾಗ ಬಿಡಿ. ಖಡಕ್‌ವಾಸ್ಲಾದಲ್ಲೂ ಗೇಟು ತೆರೆಯೋ ಮಟ್ಟ ಕಟ್ಟೆಯ ತಲೆಗಿಂತ ಕೆಳಗೇ ಇತ್ತು, ಇಲ್ಲದಿದ್ದರೆ ತೆರೆದು ಏನು ಪ್ರಯೋಜನ.

ವೈರಿಂಗ್ ವಿಷಯದಲ್ಲಿ ಒಂದೇ ಮಾತು. ಸ್ವಿಚ್ಚಿಗೆ ಮೂರು ಕಾಲಿರುತ್ತೆ. ನಾರ್ಮಲಿ ಓಪನ್ ಕಾಲಿಗೆ ಹಾಕಿದರೆ ಮಾಮೂಲಿ ದಿನಗಳಲ್ಲಿ ಚೆನ್ನಾಗೇ ಕೆಲಸ ಮಾಡುತ್ತೆ. ಆದ್ರೆ ಡ್ರ್ಯಾಗ್ ಚೈನಿನೊಳಗೆ ವೈರ್ ಮಡಚಿ ಮಡಚಿ ತುಂಡಾದ ದಿನ ಕಂಟ್ರೋಲರ್‌ಗೆ ಯಾವ ವ್ಯತ್ಯಾಸವೂ ಕಾಣಲ್ಲ, ಸ್ವಿಚ್ ಇದೆ ಅಂದ್ಕೊಂಡೇ ಓಡುತ್ತೆ. ನಾರ್ಮಲಿ ಕ್ಲೋಸ್ಡ್ ಕಾಲಿಗೆ ಹಾಕಿದರೆ ವೈರ್ ತುಂಡಾದ ಕೂಡಲೇ ಲಿಮಿಟ್ ತಗುಲಿದ ಹಾಗೇ ಮೆಷಿನ್ ನಿಲ್ಲುತ್ತೆ. ಸ್ಪಿಂಡಲ್‌ನ ಗಲಾಟೆಯಿಂದ ಸುಳ್ಳು ಅಲಾರ್ಮ್ ಬರುತ್ತೆ ಅಂತ ಕೆಲವರು ಲಿಮಿಟ್ಟನ್ನೇ ಆಫ್ ಮಾಡಿ ಇಡ್ತಾರೆ. ಶೀಲ್ಡೆಡ್ ಕೇಬಲ್ ಹಾಕಿ, ಸ್ಪಿಂಡಲ್ ವೈರಿಂದ ದೂರ ಎಳೆದು, ಬೇಕಾದ್ರೆ ಆಪ್ಟೋಕಪ್ಲರ್ ಹಾಕಿ ನೋಡೋದು ಬಿಟ್ಟು.

ಎಮರ್ಜೆನ್ಸಿ ಸ್ಟಾಪ್ ಬೇರೆ ಜಾತಿ. ಲಿಮಿಟ್ ಸ್ವಿಚ್ಚು ಕಂಟ್ರೋಲರ್ ಜೊತೆ ಮಾತಾಡುತ್ತೆ; ಎಮರ್ಜೆನ್ಸಿ ಸ್ಟಾಪು ಕಂಟ್ರೋಲರನ್ನ ಕೇಳಲೇಬಾರದು. ಹಳದಿ ಡಬ್ಬಿ ಮೇಲಿನ ಆ ಕೆಂಪು ಅಣಬೆ ಬಟನ್ನನ್ನ ಆರ್ಡುಯಿನೋದ ಒಂದು ಪಿನ್ನಿಗೆ ಹಾಕಿ ಮುಗೀತು ಅನ್ನೋರಿದ್ದಾರೆ. ಆರ್ಡುಯಿನೋ ಹ್ಯಾಂಗ್ ಆದ್ರೆ ಆ ಬಟನ್ ಬರೀ ಅಲಂಕಾರ. ಬಟನ್ನಿನ ನಾರ್ಮಲಿ ಕ್ಲೋಸ್ಡ್ ಸಂಪರ್ಕ ಒಂದು ಕಾಂಟ್ಯಾಕ್ಟರಿನ ಕಾಯಿಲ್ ಮೂಲಕ ಹೋಗಬೇಕು, ಒತ್ತಿದಾಗ ಸ್ಪಿಂಡಲ್ಲಿಗೂ ಮೋಟಾರ್ ಡ್ರೈವರ್‌ಗೂ ಪವರ್ರೇ ಹೋಗಬೇಕು. ತಿರುಗಿಸಿ ಬಿಡಿಸಿದ ತಕ್ಷಣ ಮೆಷಿನ್ ತಾನಾಗೇ ಶುರುವಾಗಬಾರದು, ಅದಕ್ಕೆ ಬೇರೆ ಸ್ಟಾರ್ಟ್ ಬಟನ್. ಭಾರದ ಸ್ಪಿಂಡಲ್ ಇರೋರು ಇನ್ನೊಂದು ಪರೀಕ್ಷೆ ಮಾಡಿ: ಪವರ್ ಹೋದಾಗ ಝಡ್ ಅಕ್ಷ ತನ್ನ ಭಾರಕ್ಕೇ ಕೆಳಗೆ ಜಾರುತ್ತಾ? ಜಾರಿದರೆ ಬ್ರೇಕ್ ಇಲ್ಲವೇ ಸ್ಪ್ರಿಂಗ್ ಬೇಕು. ಬಟನ್ ಒತ್ತಿದ ಕೈ ಇನ್ನೂ ಮೆಷಿನ್ ಹತ್ತಿರಾನೇ ಇರುತ್ತೆ.

ಮತ್ತೆ ವಿಶ್ವೇಶ್ವರಯ್ಯನವರಿಗೆ. ಬಾಂಬೆ ಸರ್ಕಾರದಲ್ಲಿ ಅವರು ಸೂಪರಿಂಟೆಂಡಿಂಗ್ ಎಂಜಿನಿಯರ್ ತನಕ ಹೋದರು. ಅದರ ಮೇಲಿನ ಚೀಫ್ ಎಂಜಿನಿಯರ್ ಕುರ್ಚಿ ಭಾರತೀಯರಿಗೆ ಸಿಗದಿದ್ದ ಕಾಲ. 1908ರಲ್ಲಿ, ನಿವೃತ್ತಿಯ ವಯಸ್ಸಿಗೆ ಬಹಳ ಮುಂಚೆ, ತಾವೇ ಬಿಟ್ಟು ಯುರೋಪ್ ಪ್ರವಾಸಕ್ಕೆ ಹೋದರು.

ಅದೇ ವರ್ಷ ಸೆಪ್ಟೆಂಬರ್ 28ಕ್ಕೆ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು. ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ವಿದೇಶದಲ್ಲಿದ್ದ ಇವರನ್ನ ಕರೆಸಿತು. ಅವರು ಬಂದು ನೋಡಿದಾಗ ಕಂಡದ್ದು ಬರೀ ಮಳೆಯ ಲೆಕ್ಕ ಅಲ್ಲ. ನಗರದ ಮೇಲ್ಗಡೆ ಮೂಸಿಗೆ ನೀರು ಬರೋ ಪ್ರದೇಶದಲ್ಲಿ ನೂರಾರು ಚಿಕ್ಕ ಕೆರೆಗಳಿದ್ದವು. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದಿದ್ದವು. ಮೇಲಿನ ಕೆರೆ ಒಡೆದು ಕೆಳಗಿನ ಕೆರೆಗೆ, ಅದು ಒಡೆದು ಇನ್ನೂ ಕೆಳಗಿನದಕ್ಕೆ. ಒಂದೊಂದು ಕೆರೆಯೂ ತನ್ನ ಮಿತಿಯನ್ನ ತಾನು ನೋಡ್ಕೊಂಡಿತ್ತು, ಆದ್ರೆ ಮೇಲಿಂದ ಇನ್ನೊಂದು ಕೆರೆಯೇ ಬಂದು ಬೀಳುತ್ತೆ ಅನ್ನೋದು ಯಾವ ಕೋಡಿಯ ಲೆಕ್ಕದಲ್ಲೂ ಇರಲಿಲ್ಲ. ನಗರದ ಮೇಲೆ ಪ್ರವಾಹ ತಡೆದು ನಿಲ್ಲಿಸೋಕೆ ಅಂತಲೇ ಎರಡು ದೊಡ್ಡ ಜಲಾಶಯ ಕಟ್ಟಿ ಅಂದರು. ಇವತ್ತಿನ ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಅವೇ.

1909ರ ನವೆಂಬರಿನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರು. ಇದರ ಕಥೆ ನಿಮಗೆಲ್ಲ ಗೊತ್ತಿರೋದೇ, ಅದಕ್ಕೆ ಬೇಗ ಹೇಳ್ತೀವಿ. ಮದ್ರಾಸ್ ಸರ್ಕಾರದ ತಕರಾರಿನಿಂದ ಮೊದಲು 80 ಅಡಿ ಎತ್ತರಕ್ಕೆ ಮಾತ್ರ ಒಪ್ಪಿಗೆ ಸಿಕ್ತು. ಪಾಯ ಮಾತ್ರ ಮುಂದಿನ ಎತ್ತರಕ್ಕೇ ಹಾಕಿದರು, 130 ಅಡಿಗೆ. ಸಿಮೆಂಟ್ ಬದಲು ಸುಣ್ಣ, ಸುರ್ಕಿ ಗಾರೆ. ಇಲ್ಲೂ ಸ್ವಯಂಚಾಲಿತ ಗೇಟುಗಳನ್ನ ಹಾಕಿದರು. ಕಟ್ಟೆ ಪೂರ್ತಿಯಾಗೋಕೆ 1930ರ ದಶಕವೇ ಬಂತು. ಮಳೆಗಾಲದಲ್ಲಿ ಪೇಪರ್ ತೆಗೆದರೆ ಮುಖಪುಟದಲ್ಲಿ ಬರೋ 124.80 ಅಡಿ ಅನ್ನೋ ಗರಿಷ್ಠ ಮಟ್ಟ ಅದರದ್ದೇ. ಅಲ್ಲಿಂದ ಹರಿದ ಕಾವೇರಿಯೇ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ, ಹಂತ ಹಂತವಾಗಿ ಕನಕಪುರ ರಸ್ತೆ ಕಡೆಯಿಂದ ಮೇಲೇರಿ ನಮ್ಮ ಸಂಪಿಗೆ ಬರೋದು. ಆ ಮಟ್ಟದ ಗೆರೆ ಎಳೆದಾಗ ಗೆರೆಯ ಒಳಗೆ ಸಿಕ್ಕ ಊರುಗಳು ಮುಳುಗಿದವು. ಕನ್ನಂಬಾಡಿ ಅನ್ನೋ ಹಳೆ ಊರೂ ಅದರಲ್ಲೊಂದು. ಕಟ್ಟೆಗೆ ಅದರ ಹೆಸರು ಉಳೀತು, ಊರು ಉಳೀಲಿಲ್ಲ. ಎಂಜಿನಿಯರ್ಸ್ ಡೇ ಪೋಸ್ಟರಿನಲ್ಲಿ ಇದನ್ನ ಯಾರೂ ಹಾಕಲ್ಲ.

1912ರಲ್ಲಿ ದಿವಾನರಾದರು. ಆರು ವರ್ಷದಲ್ಲಿ ಮಾಡಿದ್ದನ್ನ ಪಟ್ಟಿ ಮಾಡಿದರೆ ಸಾಮಾನ್ಯ ಜ್ಞಾನದ ಪುಸ್ತಕ ಆಗುತ್ತೆ: 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಈಗಿನ ಯುವಿಸಿಇ. ನಮ್ಮಂಥ ಕನ್ನಡ ಸಂಘದವರು ಪರಿಷತ್ತಿನ ಹೆಸರು ಹೇಳುವಾಗ ಎಂಜಿನಿಯರ್ ದಿವಾನರ ಕಾಲದಲ್ಲಿ ಹುಟ್ಟಿದ್ದು ಅಂತ ಸ್ವಲ್ಪ ಜಂಬ ಪಡಬಹುದು.

1918ರ ಡಿಸೆಂಬರಿನಲ್ಲಿ ದಿವಾನಗಿರಿ ಬಿಟ್ಟರು. ಆ ವರ್ಷ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು, ಸರ್ಕಾರಿ ಕೆಲಸದಲ್ಲಿ ಹಿಂದುಳಿದ ಜನರಿಗೆ ಪಾಲು ಕೊಡೋ ಬಗ್ಗೆ ಲೆಸ್ಲಿ ಮಿಲ್ಲರ್ ಅವರ ಸಮಿತಿ ಮಾಡಿದ್ದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆ ಇರಲಿಲ್ಲ. ಪರೀಕ್ಷೆ, ಅರ್ಹತೆ ಇವೇ ಅಳತೆ ಆಗಬೇಕು ಅನ್ನೋದು ಅವರ ನಿಲುವು. ಪಾಠ ಹೇಳಿ ದುಡ್ಡು ಸಂಪಾದಿಸಿ ಓದಿ ಮೇಲೆ ಬಂದವರು ಹಾಗೆ ಯೋಚಿಸಿದ್ದು ಅರ್ಥ ಆಗುತ್ತೆ. ಆದ್ರೆ ಈ ವಿಷಯದಲ್ಲಿ ನಾವು ಮಹಾರಾಜರ ಕಡೆ. ಶಾಲೆಯ ಬಾಗಿಲೇ ಕೆಲವರಿಗೆ ಮುಚ್ಚಿದ್ದ ಕಾಲದಲ್ಲಿ ಮಾರ್ಕ್ಸ್ ಒಂದನ್ನೇ ಅಳೆದರೆ ಅಳತೆಪಟ್ಟಿ ಸೊನ್ನೆಯಿಂದ ಶುರುವಾಗಿರಲ್ಲ. ನಮ್ಮ ಕ್ಲಾಸಿನಲ್ಲಿ ಮನೆಯಿಂದ ಮೊದಲ ಸಲ ಕಾಲೇಜಿಗೆ ಬಂದವರು ಎಷ್ಟೋ ಜನ ಇದ್ದಾರೆ, ಅವರಲ್ಲಿ ಹಲವರಿಗೆ ಆ ಸಮಿತಿಯಿಂದ ಶುರುವಾದ ದಾರಿಯೇ ದಾರಿ. ಒಬ್ಬರನ್ನ ಗೌರವಿಸೋಕೆ ಅವರು ಹೇಳಿದ್ದೆಲ್ಲ ಸರಿ ಅನ್ನಬೇಕಾಗಿಲ್ಲ. ಅವರು ಒಪ್ಪದೇ ಕುರ್ಚಿ ಹಿಡ್ಕೊಂಡು ಕೂರಲಿಲ್ಲ, ಎದ್ದು ಹೋದರು ಅನ್ನೋದನ್ನೂ ಹೇಳಬೇಕು.

ಆಮೇಲೂ ನಲವತ್ತಕ್ಕೂ ಹೆಚ್ಚು ವರ್ಷ ಬದುಕಿದರು, ಸುಮ್ಮನಂತೂ ಕೂರಲಿಲ್ಲ. 1923ರಿಂದ 1929ರವರೆಗೆ, ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಮಂಡಳಿಯ ಅಧ್ಯಕ್ಷರು. ಅಲ್ಲಿಂದ ಬರಬೇಕಿದ್ದ ಸಂಭಾವನೆಯನ್ನ ಕೈಕೆಲಸ ಕಲಿಸೋ ಸಂಸ್ಥೆಗೆ ಕೊಡಿ ಅಂದರು. ಕೆ.ಆರ್. ಸರ್ಕಲ್ ಹತ್ತಿರ ಇರೋ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹಾಗೆ ಹುಟ್ಟಿದ್ದು. ಡಿಪ್ಲೊಮಾ ಮಾಡಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದ ನಮ್ಮ ಗೆಳೆಯರಿಗೆ ಲೇತ್ ಮುಂದೆ ನಿಂತ್ಕೊಳ್ಳೋಕೆ ಹೆದರಿಕೆ ಇಲ್ಲ, ನಮಗೆ ಇದೆ. ಈ ವ್ಯತ್ಯಾಸ ಅವರಿಗೆ ಆಗಲೇ ಕಂಡಿತ್ತು. 1934ರಲ್ಲಿ ದೇಶಕ್ಕೆ ಯೋಜಿತ ಆರ್ಥಿಕತೆ ಬೇಕು ಅಂತ ಪುಸ್ತಕ ಬರೆದರು. ತೊಂಬತ್ತು ದಾಟಿದ ಮೇಲೆ ಬಿಹಾರದಲ್ಲಿ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕು ಅಂತ ನೋಡೋಕೆ ಹೋದರು. 1955ರಲ್ಲಿ ಭಾರತ ರತ್ನ.

ಖಡಕ್‌ವಾಸ್ಲಾದ ಕಥೆ ಇನ್ನೂ ಮುಗಿದಿಲ್ಲ. 1961ರ ಜುಲೈ 12. ಖಡಕ್‌ವಾಸ್ಲಾಗೆ ಮೇಲ್ಗಡೆ, ಮುಠಾಗೆ ಸೇರೋ ಅಂಬಿ ನದಿಗೆ ಪಾನ್‌ಶೆತ್ ಅನ್ನೋ ಹೊಸ ಮಣ್ಣಿನ ಅಣೆಕಟ್ಟು ಕಟ್ತಾ ಇದ್ದರು. ಅಣೆಕಟ್ಟಿನ ಅಡಿಯಿಂದ ನೀರು ಹೊರಬಿಡೋ ಕಾಲುವೆಯ ಗೇಟಿನ ಕೆಲಸ ಪೂರ್ತಿ ಮುಗಿಯೋ ಮುಂಚೆಯೇ ಮಳೆಗಾಲ ಬಂದು ಜಲಾಶಯ ತುಂಬಿತು. ಒಳಬರೋ ನೀರನ್ನ ಬೇಕಾದ ಹಾಗೆ ಬಿಡೋಕಾಗಲಿಲ್ಲ. ಕಾಲುವೆಯ ಮೇಲಿನ ಮಣ್ಣು ಕುಸಿಯಿತು. ಸೈನಿಕರು ಮರಳಿನ ಮೂಟೆ ಹೊತ್ತು ತಡೆಯೋಕೆ ನೋಡಿದರೂ ಆ ಬೆಳಿಗ್ಗೆ ಕಟ್ಟೆ ಒಡೆಯಿತು. ಇಡೀ ಜಲಾಶಯ ಕೆಳಗೆ ಬಂತು. ಖಡಕ್‌ವಾಸ್ಲಾ ಕೆಲವು ಗಂಟೆ ತಡೆದು ನಿಂತಿತು, ಆಮೇಲೆ ನೀರು ಅದರ ತಲೆ ಮೇಲೆ ಹರಿದು ಅದೂ ಹೋಯ್ತು. ಪುಣೆಯ ಹಳೇ ಪೇಟೆಗಳು ಮುಳುಗಿದವು.

ಗೇಟಿನ ಲೆಕ್ಕ ತಪ್ಪಿತ್ತು ಅಂತ ಇದನ್ನ ಓದಬಾರದು. ಆ ಗೇಟಿಗೆ ಗೊತ್ತಿದ್ದದ್ದು ಮಳೆಯಿಂದ ನಿಧಾನಕ್ಕೆ ಏರೋ ಮಟ್ಟ. ಐವತ್ತಕ್ಕೂ ಹೆಚ್ಚು ಮಳೆಗಾಲ ಕಳೆದ ಮೇಲೆ ಮೇಲ್ಗಡೆ ಇನ್ನೊಂದು ಅಣೆಕಟ್ಟು ಬಂತು, ಅದು ಒಡೆದರೆ ಬರೋ ನೀರು ಆ ಗೇಟಿನ ಅಳತೆಯೊಳಗೆ ಇರಲೇ ಇಲ್ಲ. ಹೈದರಾಬಾದಿನ ಕೆರೆಗಳಿಗೆ ಆದದ್ದೇ ಇಲ್ಲೂ ಆಯ್ತು. ನಮಗೆ ಇದನ್ನ ಓದುವಾಗ ನೆನಪಾದದ್ದು ನಮ್ಮ ಪುಟ್ಟ ಮೆಷಿನ್ನುಗಳೇ: ಎಕ್ಸ್ ತುದಿಯ ಸ್ವಿಚ್ಚಿಗೆ ಗೊತ್ತಿರೋದು ಎಕ್ಸ್ ತುದಿ ಮಾತ್ರ. ಸ್ಪಿಂಡಲ್ ಬಿಸಿಯಾದರೆ, ಧೂಳು ಹೀರೋ ಪೈಪಿನಲ್ಲಿ ಹೊಗೆ ಬಂದರೆ, ಬಿಗಿಮಾಡಿದ ಹಲಗೆ ಕಿತ್ತು ಬಂದರೆ ಅದಕ್ಕೇನೂ ತಿಳಿಯಲ್ಲ. ಸ್ವಿಚ್ ಇದೆ ಅಂತ ಮೆಷಿನ್ ಓಡ್ತಿರುವಾಗ ಕ್ಯಾಂಟೀನಿಗೆ ಟೀ ಕುಡಿಯೋಕೆ ಹೋಗೋ ಗೆಳೆಯರು ಈ ಪ್ಯಾರಾ ಎರಡು ಸಲ ಓದಿ.

ಪಾನ್‌ಶೆತ್ ಒಡೆದಾಗ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿದ್ದರು, ವಯಸ್ಸು ನೂರರ ಆಸುಪಾಸು. ಮರುವರ್ಷ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಆಯ್ತು. ಖಡಕ್‌ವಾಸ್ಲಾವನ್ನ ಆಮೇಲೆ ಮತ್ತೆ ಕಟ್ಟಿದರು, ಪುಣೆ ಇವತ್ತೂ ಅದರ ನೀರು ಕುಡಿಯುತ್ತೆ.

ಮುದ್ದೇನಹಳ್ಳಿ ನಂದಿ ಬೆಟ್ಟದ ಹತ್ತಿರಾನೇ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಬೈಕ್ ಹತ್ತಿ ಸೂರ್ಯೋದಯ ನೋಡೋಕೆ ನಂದಿಗೆ ಹೋಗೋರು ಬರುವಾಗ ಆ ಕಡೆ ತಿರುಗಿಸಿ. ಅವರ ಸಮಾಧಿ ಅಲ್ಲೇ ಇದೆ, ಹುಟ್ಟಿದ ಮನೆಯೂ ಇದೆ.